ರಕ್ತನಾಳದ ಗೋಡೆ ದಾಟುವ ಬಿಳಿ ಕಣಗಳು

ಬೆರಳಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದಿಕೊಂಡು ನೋಯುತ್ತದೆ. ಇದೆಲ್ಲ ಮುಳ್ಳಿನ ಕೆಲಸ ಅನ್ನಿಸುತ್ತದೆ, ಅಲ್ವಾ? ಮುಳ್ಳು ಮಾಡಿದ್ದು ಒಂದು ಸಣ್ಣ ತೂತು. ಉಳಿದದ್ದನ್ನು ಮಾಡುವುದು ನಮ್ಮದೇ ದೇಹ.

ಚರ್ಮದಡಿ ಕಾದಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಸುರಿಸುತ್ತವೆ. ರಕ್ತನಾಳ ಹಿಗ್ಗಿ ಹೆಚ್ಚು ರಕ್ತ ಬರುತ್ತದೆ, ಅದಕ್ಕೇ ಕೆಂಪು ಮತ್ತು ಬಿಸಿ. ನಾಳದಿಂದ ನೀರು ಒಸರುತ್ತದೆ, ಅದೇ ಬಾವು.

ನನಗೆ ಎಲ್ಲಕ್ಕಿಂತ ಅಚ್ಚರಿ ತರುವುದು ಮುಂದಿನ ಹಂತ. ರಕ್ತದಲ್ಲಿ ರಭಸವಾಗಿ ಹರಿಯುತ್ತಿರುವ, ಬಿಳಿ ರಕ್ತಕಣಗಳಲ್ಲೊಂದಾದ ನ್ಯೂಟ್ರೋಫಿಲ್‌ಗೆ ಇಲ್ಲೇ ಇಳಿಯಬೇಕು ಅಂತ ಗೊತ್ತಾಗುವುದು ಹೇಗೆ? ಗಾಯದ ಹತ್ತಿರ ನಾಳದ ಒಳಗೋಡೆ ಸೆಲೆಕ್ಟಿನ್ ಎಂಬ ಅಂಟುವ ಅಣುಗಳನ್ನು ಹೊರಚಾಚುತ್ತದೆ. ಕಣ ಅವಕ್ಕೆ ತಗಲುತ್ತದೆ, ಬಿಡಿಸಿಕೊಳ್ಳುತ್ತದೆ, ಮತ್ತೆ ತಗಲುತ್ತದೆ. ಹೀಗೆ ಗೋಡೆಯ ಮೇಲೆ ಉರುಳುತ್ತಾ ನಿಧಾನವಾಗಿ, ಕೊನೆಗೆ ಗಟ್ಟಿಯಾಗಿ ಅಂಟಿ ನಿಲ್ಲುತ್ತದೆ. ಆಮೇಲೆ ಚಪ್ಪಟೆಯಾಗಿ ಗೋಡೆಯ ಎರಡು ಕೋಶಗಳ ಸಂದಿಯಲ್ಲಿ ನುಸುಳಿ ಆಚೆ ಹೋಗುತ್ತದೆ. ಅದರ ಕೋಶಕೇಂದ್ರ ಮೂರು ನಾಲ್ಕು ತುಣುಕುಗಳಾಗಿ ಜೋಡಿಕೊಂಡಿರುವುದರಿಂದ ಇಕ್ಕಟ್ಟಿನಲ್ಲೂ ಸುಲಭವಾಗಿ ಬಾಗುತ್ತದೆ. ಜರ್ಮನಿಯ ಯೂಲಿಯಸ್ ಕೋನ್‌ಹೈಮ್ 1867ರಲ್ಲೇ ಕಪ್ಪೆಯ ನಾಳಗಳಿಂದ ಬಿಳಿ ಕಣಗಳು ಹೊರಬರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರು. 1882ರಲ್ಲಿ ಇಲ್ಯಾ ಮೆಚ್ನಿಕೋಫ್ ನಕ್ಷತ್ರ ಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿದರು. ಮರುದಿನ ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು! ರೋಗನಿರೋಧಕತೆಯ ಕೆಲಸಕ್ಕೆ 1908ರಲ್ಲಿ ಅವರಿಗೆ ನೊಬೆಲ್ ಬಂತು.

ಗಾಯ ತಲುಪಿದ ನ್ಯೂಟ್ರೋಫಿಲ್ ಬ್ಯಾಕ್ಟೀರಿಯಾವನ್ನು ನುಂಗಿ, ಬ್ಲೀಚ್ ಜಾತಿಯ ರಾಸಾಯನಿಕ ತಯಾರಿಸಿ ಕೊಲ್ಲುತ್ತದೆ. ಆ ರಾಸಾಯನಿಕ ತಯಾರಿಸುವ ಕಿಣ್ವದ ಬಣ್ಣ ಹಸಿರು. ಕೀವು ಕೆಲವೊಮ್ಮೆ ಹಸಿರಾಗಿ ಕಾಣಲು ಇದೂ ಕಾರಣ. ಕೀವಿನಲ್ಲಿ ಇರುವುದು ಹೆಚ್ಚಾಗಿ ಸತ್ತ ನ್ಯೂಟ್ರೋಫಿಲ್‌ಗಳೇ.

ಈ ವಿಷ ಅಕ್ಕಪಕ್ಕದ ಒಳ್ಳೆಯ ಅಂಗಾಂಶವನ್ನೂ ಸುಡುತ್ತದೆ. ಆದ್ದರಿಂದ ಈ ಕೆಂಪು, ಬಿಸಿ, ಬಾವು, ನೋವಿನ ಪ್ರತಿಕ್ರಿಯೆ, ಅಂದರೆ ಉರಿಯೂತ, ಶುರುವಾಗುವುದರಷ್ಟೇ ಮುಖ್ಯ ಅದು ನಿಲ್ಲುವುದು. ಅದು ಸುಮ್ನೆ ತಾನಾಗಿ ಆರಿಹೋಗುವುದಿಲ್ಲ. ಆಮೇಲೆ ಬರುವ, ನುಂಗುವ ಕೆಲಸದ ಇನ್ನೊಂದು ಬಗೆಯ ಕೋಶಗಳಾದ ಮ್ಯಾಕ್ರೋಫೇಜ್‌ಗಳು ಸತ್ತ ನ್ಯೂಟ್ರೋಫಿಲ್‌ಗಳನ್ನು ನುಂಗುತ್ತವೆ. ನುಂಗುತ್ತಿದ್ದಂತೆ ಅವೇ ಶಮನದ ಸಂಕೇತಗಳನ್ನು ಹೊರಡಿಸಿ, ಗಾಯ ಮಾಯುವ ಕೆಲಸ ಶುರುಮಾಡಿಸುತ್ತವೆ. ರುಮಟಾಯ್ಡ್ ಸಂಧಿವಾತದಲ್ಲಿ ಉರಿಯೂತ ಹೀಗೆ ಮುಗಿಯುವುದೇ ಇಲ್ಲ, ಕೀಲು ಸವೆಯುತ್ತಾ ಹೋಗುತ್ತದೆ.

ಅಂಥವರಿಗೆ ಕೊಡುವ ಸ್ಟೀರಾಯ್ಡ್ ಮಾತ್ರೆ ಬಿಳಿ ಕಣಗಳು ಗೋಡೆಗೆ ಅಂಟುವುದನ್ನೇ ಕಡಿಮೆ ಮಾಡುತ್ತದೆ. ಅಂಟಿಕೊಂಡಿದ್ದವೂ ಬಿಟ್ಟು ರಕ್ತಕ್ಕೆ ಮರಳುತ್ತವೆ. ಹಾಗಾಗಿ ರಕ್ತ ಪರೀಕ್ಷೆಯಲ್ಲಿ ಅವುಗಳ ಸಂಖ್ಯೆ ಜಾಸ್ತಿ ಕಾಣುತ್ತದೆ, ಆದರೆ ಗಾಯಕ್ಕೆ ತಲುಪುವುದು ಕಡಿಮೆ. ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಸೋಂಕು ಬೇಗ ತಗಲಲು ಇದೂ ಒಂದು ಕಾರಣ.