ಕಾಗದದ ಹೂವಿಗೆ ಒರಿಗಾಮಿ ಪೇಪರೇ ಬೇಕಾ?

ಪ್ರಶ್ನೆ: ಐದೆಸಳಿನ ಕಾಗದದ ಹೂ ಮಾಡಿದರೆ ಎಸಳು ಸೊಟ್ಟಗಾಗುತ್ತವೆ, ಮಡಿಕೆ ಬಿಚ್ಚಿಕೊಳ್ಳುತ್ತದೆ. ಸಕಲೇಶಪುರದಲ್ಲಿ ಒರಿಗಾಮಿ ಪೇಪರ್ ಸಿಗುತ್ತಿಲ್ಲ. ಬೆಂಗಳೂರಿನಿಂದ ತರಿಸಲೇಬೇಕಾ?

ಬೇಡ. ಗಣೇಶನ ಹಬ್ಬ ಹತ್ತಿರ ಬಂದಾಗಲೆಲ್ಲ ಇದೇ ಪ್ರಶ್ನೆ, ಇದೇ ಉತ್ತರ. ಒರಿಗಾಮಿ ಪೇಪರ್ ಅಂತ ಮಾರುವುದು ಸಾಮಾನ್ಯವಾಗಿ 15 ಸೆಂ.ಮೀ. ಚೌಕದ ತೆಳು ಕಾಗದ; ಒಂದು ಮಗ್ಗುಲು ಬಣ್ಣ, ಇನ್ನೊಂದು ಬಿಳಿ. ಯಂತ್ರ ಅದನ್ನು ಅಚ್ಚುಕಟ್ಟಾಗಿ ಚೌಕಕ್ಕೆ ಕತ್ತರಿಸಿರುತ್ತದೆ, ಅದಕ್ಕೇ ಎಸಳು ನೆಟ್ಟಗೆ ಬರುತ್ತವೆ. ನಿಮ್ಮ ಕತ್ತರಿಯ ಚೌಕದಲ್ಲಿ ಒಂದು ಬದಿ 1 ಮಿ.ಮೀ. ಹೆಚ್ಚಾದರೂ ಮೊದಲ ಮಡಿಕೆಯಲ್ಲೇ ಅಂಚು ತಪ್ಪುತ್ತದೆ, ಆಮೇಲಿನ ಪ್ರತಿ ಮಡಿಕೆಯೂ ಆ ತಪ್ಪನ್ನು ಹೊತ್ತುಕೊಂಡು ಹೋಗುತ್ತದೆ. ಕತ್ತರಿಸಿದ ಮೇಲೆ ಮೂಲೆಗೆ ಮೂಲೆ ಮಡಚಿ ನೋಡಿ. ಎರಡೂ ಕರ್ಣಗಳಲ್ಲಿ ಅಂಚು ಕೂಡದಿದ್ದರೆ ಆ ಚೂರನ್ನು ಬದಿಗಿಡಿ.

ಇನ್ನು ಮಡಿಕೆ ಬಿಚ್ಚುವುದು. ಆಷಾಢದಲ್ಲಿ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಗಾಳಿಯಲ್ಲಿ ಯಾವ ಕಾಗದವಾದರೂ ತೇವ ಹೀರಿ ಮೆತ್ತಗಾಗುತ್ತದೆ. ದುಬಾರಿ ಪೇಪರೂ ಅಷ್ಟೇ ಹೀರುತ್ತದೆ! ಅರಸೀಕೆರೆಯವರಿಗೆ ಈ ಕಾಟ ಕಡಿಮೆ. ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿಡಿ, ಬೇಕಾದಷ್ಟೇ ಹೊರಗೆ ತೆಗೆಯಿರಿ, ಪ್ರತಿ ಮಡಿಕೆಯನ್ನೂ ಉಗುರಿನಿಂದ ಗಟ್ಟಿಯಾಗಿ ತೀಡಿ.

ಜೆರಾಕ್ಸ್ ಅಂಗಡಿಯ 75 ಅಥವಾ 80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಬಣ್ಣದ ಎ4 ಹಾಳೆ ಧಾರಾಳ ಸಾಕು. ಚಾರ್ಟ್ ಪೇಪರ್ ದಪ್ಪ, ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಗ್ಲೇಜ್ ಪೇಪರಿನ ಹೊಳಪಿನ ಮಗ್ಗುಲಲ್ಲಿ ಅಂಟು ಸರಿಯಾಗಿ ಹಿಡಿಯುವುದಿಲ್ಲ.

ಎ4 ಅಂದರೆ 210 × 297 ಮಿ.ಮೀ. 7 ಸೆಂ.ಮೀ.ನಂತೆ ಗೆರೆ ಹಾಕಿದರೆ 12 ಚೌಕ ಸಿಗುತ್ತವೆ: ಎರಡು ಹೂ, ಮೇಲೆ ಎರಡು ಎಸಳು. ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕತ್ತರಿಸಬೇಡಿ, ಕೆಳಗಿನದು ಜಾರುತ್ತದೆ.

ಚೌಕವನ್ನು ಕರ್ಣಕ್ಕೆ ಮಡಚಿ ತ್ರಿಕೋನ ಮಾಡಿ, ತುದಿ ಮೇಲಿರಲಿ. ಎಡ ಬಲ ಮೂಲೆಗಳನ್ನು ತುದಿಗೆ ತನ್ನಿ. ಈಗ ಎರಡು ರೆಕ್ಕೆಗಳಿವೆ. ಪ್ರತಿ ರೆಕ್ಕೆಯ ಒಳ ಅಂಚನ್ನು ಹೊರ ಅಂಚಿಗೆ ಕೂಡಿಸಿ ಮಡಚಿ, ಬಿಚ್ಚಿ, ರೆಕ್ಕೆಯೊಳಗೆ ಬೆರಳು ತೂರಿಸಿ ಅಗಲಿಸಿ ಚಪ್ಪಟೆ ಒತ್ತಿ. ಹೊರಗೆ ಚಾಚಿದ ತುದಿಯನ್ನು ಅಂಚಿನ ಮಟ್ಟಕ್ಕೆ ಒಳಗೆ ಮಡಚಿ. ನಡುವಿನ ಗೆರೆಯಲ್ಲಿ ರೆಕ್ಕೆಯನ್ನು ಅರ್ಧಕ್ಕೆ ಮಡಚಿ. ಒಂದು ರೆಕ್ಕೆಗೆ ಫೆವಿಕಾಲ್ ತೆಳ್ಳಗೆ ಸವರಿ ಇನ್ನೊಂದಕ್ಕೆ ಕೂಡಿಸಿ. ಇಲ್ಲಿ ಎಸಳನ್ನು ಸುತ್ತಬೇಕು, ಮಡಚಬಾರದು. ಬೆನ್ನಿಗೆ ಗೆರೆ ಬಿದ್ದರೆ ದುಂಡು ಹೋಯಿತು. ಅಂಟು ಜಾಸ್ತಿಯಾದರೆ ಕಾಗದ ನೆನೆದು ಉಬ್ಬುತ್ತದೆ. ಒಣಗುವವರೆಗೆ ಕ್ಲಿಪ್ ಹಾಕಿಡಿ. ಹೀಗೆ ಐದು ಎಸಳು ಮಾಡಿ ಪಕ್ಕಕ್ಕೆ ಪಕ್ಕ ಅಂಟಿಸಿ.

ಇಷ್ಟು ಕಲಿತವರು ಒಂದೇ ಹೂವಿಗೆ ನಿಲ್ಲಿಸುವುದು ಯಾಕೆ? ಇಂಥ 12 ಹೂ ಕೂಡಿದರೆ ಚೆಂಡಾಗುತ್ತದೆ. ಜಪಾನಿನವರು ಇದನ್ನು ಕುಸುದಾಮ ಅನ್ನುತ್ತಾರೆ. ಒಂದೊಂದು ಹೂವಿನ ಸುತ್ತ ಐದು ಹೂ ಕೂರುತ್ತವೆ, ಆದ್ದರಿಂದಲೇ 12 ಹೂವಿಗೆ ಗೋಳ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಬೇಕಾಗುವುದು 60 ಎಸಳು, ಅಂದರೆ ಸರಿಯಾಗಿ ಐದು ಎ4 ಹಾಳೆ. ಆರಾರು ಹೂವಿನ ಎರಡು ಬಟ್ಟಲು ಮಾಡಿ, ಕೊನೆಗೆ ಕೂಡಿಸಿ. ಮಂಟಪಕ್ಕೆ ತೂಗುಹಾಕುವುದಿದ್ದರೆ ಬಟ್ಟಲು ಮುಚ್ಚುವ ಮೊದಲೇ ಒಳಗಿನಿಂದ ದಾರ ತೂರಿಸಿ, ಕೆಳತುದಿಗೆ ಮಣಿ ಕಟ್ಟಿ. ಮುಚ್ಚಿದ ಮೇಲೆ ಜಾಗ ಸಿಗುವುದಿಲ್ಲ.