ಹಳೆಯ ಸರ್ವರ್ ಓಡುತ್ತಿತ್ತು, ಹೊಸದು ಏಳಲೇ ಇಲ್ಲ

2022ರ ಫೆಬ್ರುವರಿಯಲ್ಲಿ ಮಾರ್ಕಪ್‌ಸೇಫ್ ಎಂಬ ಪುಟ್ಟ ಪೈಥಾನ್ ಲೈಬ್ರರಿಯ (ಬೇರೆ ಪ್ರೋಗ್ರಾಮ್‌ಗಳು ಬಳಸಿಕೊಳ್ಳುವ ಸಿದ್ಧ ಕೋಡ್) 2.1.0 ಆವೃತ್ತಿ ಬಿಡುಗಡೆಯಾಯಿತು. ಅದರಿಂದ ‘ಸಾಫ್ಟ್ ಯೂನಿಕೋಡ್’ ಎಂಬ ಒಂದು ಹಳೆಯ ಫಂಕ್ಷನ್ನನ್ನು ತೆಗೆದುಹಾಕಿದ್ದರು. ಅಷ್ಟಕ್ಕೇ, ಅದನ್ನು ನೇರವಾಗಿ ಬಳಸದ ಎಷ್ಟೋ ಪ್ರೋಗ್ರಾಮ್‌ಗಳು ಇಂಪೋರ್ಟ್ ಎರರ್ (ಬೇಕಾದ ಕೋಡ್ ಸಿಗಲಿಲ್ಲ ಎಂಬ ದೋಷ) ತೋರಿಸಿ ನಿಂತವು. ಹಿಂದಿನ ವಾರ ಸಿದ್ಧಪಡಿಸಿದ ಸರ್ವರ್ ಸರಿಯಾಗಿಯೇ ಓಡುತ್ತಿತ್ತು. ಬೇಕಾದ ಲೈಬ್ರರಿಗಳ ಅದೇ ಪಟ್ಟಿ ಹಿಡಿದು ಅಂದು ಸಿದ್ಧಪಡಿಸಿದ್ದು ಮಾತ್ರ ಏಳಲಿಲ್ಲ.

ಕಾರಣ ಅವಲಂಬನೆಯ ಸರಪಳಿಯಲ್ಲಿತ್ತು. ಸರ್ವರ್‌ಗಳ ಕಾನ್ಫಿಗರೇಷನ್ ನೋಡಿಕೊಳ್ಳುವ ಆನ್ಸಿಬಲ್, ಸಾಲ್ಟ್ ಎರಡೂ ಪೈಥಾನ್‌ನಲ್ಲಿ ಬರೆದವು. ಸರ್ವರಿಗೊಂದು ಸೆಟ್ಟಿಂಗ್ ಫೈಲ್ ಬರೆಯಬೇಕಾದಾಗ ಅವು ಅಚ್ಚಿನಲ್ಲಿ ಮಾಹಿತಿ ತುಂಬಿ ಫೈಲ್ ತಯಾರಿಸುವ ಜಿಂಜಾ2 ಎಂಬ ಟೆಂಪ್ಲೇಟ್ ಎಂಜಿನ್ನಿನ ನೆರವು ಪಡೆಯುತ್ತವೆ. ಜಿಂಜಾ2 ಮಾರ್ಕಪ್‌ಸೇಫನ್ನು ನೆಚ್ಚಿಕೊಂಡಿದೆ. ಮಾರ್ಕಪ್‌ಸೇಫ್ ಮಾಡುವುದು ವೆಬ್ ಪುಟದೊಳಗೆ ಅಪಾಯಕಾರಿ ಚಿಹ್ನೆಗಳು ನುಸುಳದಂತೆ ತಡೆಯುವ ಕೆಲಸ. ಸರ್ವರಿನ ಸೆಟ್ಟಿಂಗ್ ಫೈಲಿಗೆ ಅದರ ಅಗತ್ಯ ಬೀಳುವುದೇ ಅಪರೂಪ. ಆದರೂ ಅದಿಲ್ಲದೆ ಜಿಂಜಾ ಲೋಡ್ ಆಗುವುದಿಲ್ಲ, ಜಿಂಜಾ ಇಲ್ಲದೆ ಇವೆರಡೂ ನಡೆಯುವುದಿಲ್ಲ.

ಎಚ್ಚರದಿಂದ ಇದ್ದವರಿಗೂ ಪೆಟ್ಟು ಬಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಜಿಂಜಾ2ರ ಹಳೆಯ 2.11 ಆವೃತ್ತಿಯೇ ಸಾಕು ಎಂದು ಪಟ್ಟಿಯಲ್ಲಿ ನಮೂದಿಸಿ ನೆಮ್ಮದಿಯಿಂದ ಇದ್ದವರು ಅನೇಕರು. ಆದರೆ ಆ ಆವೃತ್ತಿ ತನಗೆ ಬೇಕಾದ ಮಾರ್ಕಪ್‌ಸೇಫ್ ‘0.23 ಅಥವಾ ಅದಕ್ಕಿಂತ ಹೊಸದು’ ಎಂದಷ್ಟೇ ಹೇಳಿತ್ತು, ಮೇಲಿನ ಮಿತಿ ಹಾಕಿರಲಿಲ್ಲ. ಪೈಥಾನ್ ಲೈಬ್ರರಿಗಳನ್ನು ಸ್ಥಾಪಿಸುವ ಪಿಪ್ ಆ ಮಾತಿನಂತೆಯೇ ನಡೆದು ತೀರಾ ಹೊಸದನ್ನು ತಂದು ಕೂರಿಸಿತು. ನಾವು ಕೇಳಿದ ಪ್ಯಾಕೇಜಿನ ಆವೃತ್ತಿಯನ್ನು ಕಟ್ಟಿಹಾಕಿದರೆ ಸಾಲದು. ಅದು ತನ್ನ ಹಿಂದೆ ಎಳೆದು ತರುವ ಪ್ರತಿಯೊಂದನ್ನೂ, ಅದರ ಹಿಂದಿನದನ್ನೂ, ನಿಖರ ಆವೃತ್ತಿ ಸಮೇತ ಲಾಕ್ ಫೈಲ್ ಎಂಬ ಪಟ್ಟಿಯಲ್ಲಿ ಬರೆದಿಡಬೇಕು. ಮರುತಿಂಗಳು ಜಿಂಜಾ2ರ 3.1 ಆವೃತ್ತಿಯೂ ಕೆಲವು ಹಳೆಯ ಹೆಸರುಗಳನ್ನು ಕೈಬಿಟ್ಟಿತು. ಆಗ ಅವುಗಳನ್ನು ನೇರವಾಗಿ ಬಳಸುತ್ತಿದ್ದ ಸಾಲ್ಟ್ ಮುಗ್ಗರಿಸಿತು.

ಸಾಮಾನ್ಯ ವೆಬ್‌ಸೈಟ್ ಹೀಗೆ ಬಿದ್ದರೆ ಅದನ್ನಷ್ಟೇ ಎತ್ತಿ ನಿಲ್ಲಿಸಿದರಾಯಿತು. ಕಾನ್ಫಿಗರೇಷನ್ ಉಪಕರಣದ ವಿಷಯ ಬೇರೆ. ಪ್ಯಾಕೇಜುಗಳನ್ನು ಅಪ್‌ಗ್ರೇಡ್ ಮಾಡುವುದೇ ಅದರ ಕಸುಬು. ಆ ಪ್ಯಾಕೇಜುಗಳಲ್ಲಿ ತನಗೆ ಆಧಾರವಾದವೂ ಸೇರಿದ್ದರೆ, ಅದು ಕುಳಿತ ಕೊಂಬೆಯನ್ನೇ ಕಡಿದಂತೆ. ಆನ್ಸಿಬಲ್‌ಗೆ ಜಿಂಜಾ ಬೇಕಿರುವುದು ನಿಯಂತ್ರಣ ನಡೆಸುವ ಯಂತ್ರದಲ್ಲಿ ಮಾತ್ರ, ಹಾಗಾಗಿ ಒಂದು ಕಡೆ ಸರಿಪಡಿಸಿದರೆ ಕೆಲಸ ಮುಂದುವರಿಯುತ್ತದೆ. ಸಾಲ್ಟ್ ವಾಡಿಕೆಯಂತೆ ಪ್ರತಿ ಸರ್ವರಿನಲ್ಲೂ ‘ಮಿನಿಯನ್’ ಎಂಬ ಏಜೆಂಟನ್ನು ಇಟ್ಟಿರುತ್ತದೆ. ಅದರ ಲೈಬ್ರರಿ ಕೆಟ್ಟರೆ ನಿಯಂತ್ರಿಸುವ ಯಂತ್ರವಾದ ‘ಮಾಸ್ಟರ್’ ಕಳಿಸುವ ಆಜ್ಞೆ ಆ ಸರ್ವರಿಗೆ ತಲುಪುವುದಿಲ್ಲ. ನೂರು ಸರ್ವರ್‌ಗಳಲ್ಲಿ ಹಾಗಾಯಿತೆಂದರೆ, ಯಾವ ದುಡಿಮೆ ತಪ್ಪಿಸಲೆಂದು ಉಪಕರಣ ತಂದಿದ್ದರೋ ಅದೇ ದುಡಿಮೆ: ನೂರಕ್ಕೂ ಬೇರೆ ದಾರಿಯಿಂದ ಲಾಗಿನ್ ಆಗಬೇಕು.

ಸಾಲ್ಟ್ ತಂಡ ಇದಕ್ಕೂ ಮೊದಲೇ ಇಂಥ ಪಾಠ ಕಲಿತಿತ್ತು. ತಾನು ನೆಟ್‌ವರ್ಕ್ ಕೆಲಸಕ್ಕೆ ನೆಚ್ಚಿಕೊಂಡಿದ್ದ ಟಾರ್ನೇಡೊ ಲೈಬ್ರರಿಯ ಐದನೇ ಆವೃತ್ತಿ ತನಗೆ ಹೊಂದದೆ ಹೋದಾಗ, ಕೊನೆಗೆ 4.5.3 ಆವೃತ್ತಿಯನ್ನು ತನ್ನ ಕೋಡಿನೊಳಗೇ ಸೇರಿಸಿಕೊಂಡಿತು. 2022ರಿಂದ ಇನ್ನೂ ಮುಂದೆ ಹೋಗಿ ‘ಒನ್‌ಡಿರ್’ ಎಂಬ ಪ್ಯಾಕೇಜುಗಳನ್ನು ಕೊಡತೊಡಗಿತು. ಅವುಗಳಲ್ಲಿ ಪೈಥಾನ್ ಸಮೇತ ಬೇಕಾದ ಲೈಬ್ರರಿಗಳೆಲ್ಲ ಒಂದೇ ಡೈರೆಕ್ಟರಿಯಲ್ಲಿ ಇರುತ್ತವೆ, ಸರ್ವರಿನ ಪೈಥಾನನ್ನು ಮುಟ್ಟುವುದಿಲ್ಲ. ರೂಬಿ ಭಾಷೆಯ ಇಂಥದೇ ಉಪಕರಣಗಳಾದ ಪಪೆಟ್ ಮತ್ತು ಶೆಫ್ ಕೂಡ ಬಹಳ ಮೊದಲೇ ಇದೇ ದಾರಿ ಹಿಡಿದಿದ್ದವು.

ನನ್ನ ಮಟ್ಟಿಗೆ ಇದೇ ಸರಿಯಾದ ದಾರಿ. ಆದರೆ ಅದಕ್ಕೂ ಬೆಲೆಯಿದೆ. ಒಳಗಿರುವ ಲೈಬ್ರರಿಯಲ್ಲಿ ಭದ್ರತಾ ಲೋಪ ಕಂಡರೆ ಉಬುಂಟು ಅಥವಾ ರೆಡ್ ಹ್ಯಾಟ್ ಕೊಡುವ ಅಪ್‌ಡೇಟ್ ಅದನ್ನು ಮುಚ್ಚುವುದಿಲ್ಲ. ಉಪಕರಣದ ತಂಡವೇ ಹೊಸ ಪ್ಯಾಕೇಜ್ ಬಿಡುವವರೆಗೆ ಕಾಯಬೇಕು.

ಮಾರ್ಕಪ್‌ಸೇಫ್ ಬರೆದವರನ್ನು ದೂರುವುದು ನ್ಯಾಯವಲ್ಲ. 2021ರ ಮೇ ತಿಂಗಳ 2.0 ಆವೃತ್ತಿಯಲ್ಲೇ ಅವರು ಹೊಸ ಹೆಸರು ಕೊಟ್ಟು, ಹಳೆಯದು 2.1ರಲ್ಲಿ ಹೋಗುತ್ತದೆ ಎಂಬ ಎಚ್ಚರಿಕೆಯನ್ನೂ ಸೇರಿಸಿದ್ದರು. ಆದರೆ ಲೈಬ್ರರಿಯ ಒಳಗಿಂದ ಬರುವ ಇಂಥ ಎಚ್ಚರಿಕೆಗಳನ್ನು ಪೈಥಾನ್ ತಾನಾಗಿ ತೋರಿಸುವುದಿಲ್ಲ, ನಾವೇ ಕೇಳಬೇಕು. ಪರೀಕ್ಷೆಗೆಂದು ಮೀಸಲಿಟ್ಟ ಸರ್ವರಿನಲ್ಲಿ ಎಚ್ಚರಿಕೆಗಳನ್ನು ಆನ್ ಮಾಡಿ ವಾರಕ್ಕೊಮ್ಮೆ ಎಲ್ಲವನ್ನೂ ಹೊಸದಾಗಿ ಸ್ಥಾಪಿಸಿ ನೋಡುತ್ತಿದ್ದವರಿಗೆ ಆ ಸಂದೇಶ ಒಂಬತ್ತು ತಿಂಗಳು ಮುಂಚೆಯೇ ಕಾಣುತ್ತಿತ್ತು.