ಮಂಗಳಕ್ಕೆ ಹೋದ ನಮಗೆ ಒಂದು ಜೆಟ್ ಎಂಜಿನ್ ಮಾಡಲು ಆಗಲ್ವಾ?

ಪ್ರಶ್ನೆ: ಮಂಗಳ ಗ್ರಹಕ್ಕೆ ನೌಕೆ ಕಳಿಸಿದ್ದೇವೆ, ಚಂದ್ರನ ಮೇಲೂ ಇಳಿದಿದ್ದೇವೆ. ಆದರೂ ತೇಜಸ್ ಯುದ್ಧವಿಮಾನಕ್ಕೆ ಅಮೆರಿಕದಿಂದಲೇ ಎಂಜಿನ್ ತರಿಸಬೇಕಾ? ಬೆಂಗಳೂರಿನಲ್ಲಿ ಶುರುವಾದ ಕಾವೇರಿ ಎಂಜಿನ್ ಏನಾಯಿತು?

ತೇಜಸ್ ಬಗ್ಗೆ ಏನೇ ಬರೆದರೂ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರ ದನಿಯಲ್ಲಿ ಸ್ವಲ್ಪ ಸಿಟ್ಟೂ ಇರುತ್ತದೆ. ನ್ಯಾಯವಾದ ಸಿಟ್ಟೇ ಬಿಡಿ. ಆದರೆ ಈ ಪ್ರಶ್ನೆಯೊಳಗೆ ಒಂದು ತಪ್ಪು ಲೆಕ್ಕ ಇದೆ. ರಾಕೆಟ್ ಮಾಡಿದವರಿಗೆ ಜೆಟ್ ಎಂಜಿನ್ ಯಾವ ಲೆಕ್ಕ ಅಂದುಕೊಳ್ಳುತ್ತೇವೆ. ಅಲ್ಲೇ ಎಡವುವುದು.

ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ಟಿನ ಎರಡನೇ ಹಂತದ ವಿಕಾಸ್ ಎಂಜಿನ್ ಉರಿಯುವುದು ಹೆಚ್ಚುಕಡಿಮೆ ಎರಡೂವರೆ ನಿಮಿಷ. ಅಲ್ಲಿಗೆ ಅದರ ಆಯುಸ್ಸು ಮುಗಿಯಿತು. ಯುದ್ಧವಿಮಾನದ ಎಂಜಿನ್ ಇವತ್ತು ಹಾರಬೇಕು, ನಾಳೆಯೂ ಹಾರಬೇಕು, ಹೀಗೆ ಸಾವಿರಾರು ಗಂಟೆ. ಪೈಲಟ್ ಒಮ್ಮೆಲೇ ವೇಗ ಕೇಳುತ್ತಾರೆ, ಮರುಕ್ಷಣ ಬೇಡ ಅನ್ನುತ್ತಾರೆ. ರಾಜಸ್ಥಾನದ ಸೆಕೆಗೂ ಲೇಹ್‌ನ ತೆಳು ಗಾಳಿಗೂ ಒಗ್ಗಬೇಕು. ತೇಜಸ್‌ನಲ್ಲಿ ಇರುವುದು ಒಂದೇ ಎಂಜಿನ್. ಅದು ನಿಂತರೆ ಕತೆ ಮುಗಿಯಿತು.

ಎಲ್ಲಕ್ಕಿಂತ ದೊಡ್ಡ ಕಗ್ಗಂಟು ಟರ್ಬೈನ್ ಬ್ಲೇಡ್. ನೋಡಲು ಪುಟ್ಟ ಲೋಹದ ಎಲೆ. ಅದಕ್ಕೆ ಬಡಿಯುವ ಗಾಳಿಯ ಬಿಸಿ 1,500 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಬ್ಲೇಡಿನ ನಿಕಲ್ ಮಿಶ್ರಲೋಹ ಕರಗುವುದೇ ಅದಕ್ಕಿಂತ ಕಡಿಮೆ ಬಿಸಿಯಲ್ಲಿ! ಬೆಲ್ಲದ ಸೌಟಿನಿಂದ ಕುದಿಯುವ ಪಾಯಸಕ್ಕೆ ಕೈಯಾಡಿಸಿದ ಹಾಗೆ, ಸೌಟು ಮಾತ್ರ ಕರಗಬಾರದು. ಅದಕ್ಕೇ ಬ್ಲೇಡಿನ ಒಳಗೆ ಟೊಳ್ಳು ದಾರಿಗಳು, ಮೈಮೇಲೆ ಸಣ್ಣ ಸಣ್ಣ ತೂತುಗಳು. ಅವುಗಳಿಂದ ಹೊರಬರುವ ತುಸು ತಣ್ಣನೆಯ ಗಾಳಿ ಬ್ಲೇಡಿಗೆ ಹೊದಿಕೆ ಹೊದಿಸುತ್ತದೆ.

ಅಷ್ಟೂ ಸಾಲದು. ಸಾಮಾನ್ಯ ಲೋಹದೊಳಗೆ ಚಿಕ್ಕ ಚಿಕ್ಕ ಹರಳುಗಳು ಕಲ್ಲಿನ ಗೋಡೆಯ ಹಾಗೆ ಜೋಡಿಕೊಂಡಿರುತ್ತವೆ. ಬಿಸಿ, ಎಳೆತ ಎರಡೂ ಸೇರಿದಾಗ ಬಿರುಕು ಬಿಡುವುದು ಆ ಸಂದುಗಳಲ್ಲೇ. ಹಾಗಾಗಿ ಇಡೀ ಬ್ಲೇಡನ್ನು ಒಂದೇ ಹರಳಾಗಿ ಎರಕ ಹೊಯ್ಯುತ್ತಾರೆ. ಶುರುವಾಗುವುದು ಪಂಚಲೋಹದ ವಿಗ್ರಹ ಮಾಡುವ ರೀತಿಯಲ್ಲೇ. ಮೇಣದ ಮಾದರಿ, ಮೇಲೆ ಲೇಪ, ಮೇಣ ಕರಗಿಸಿ ಆ ಜಾಗಕ್ಕೆ ಲೋಹ. ಆಮೇಲೆ ದಾರಿ ಬೇರೆಯಾಗುತ್ತದೆ. ಅಚ್ಚಿನ ಬುಡದಲ್ಲಿ ಸುರುಳಿಯಂಥ ಕಿರುದಾರಿ ಇರುತ್ತದೆ. ಅದರಲ್ಲಿ ಒಂದೇ ಹರಳು ನುಸುಳಿ ಮೇಲಕ್ಕೆ ಬೆಳೆಯುತ್ತದೆ, ಉಳಿದವು ಅಲ್ಲೇ ತಡೆದು ನಿಲ್ಲುತ್ತವೆ. ಅಚ್ಚನ್ನು ಕುಲುಮೆಯಿಂದ ಎಷ್ಟು ನಿಧಾನಕ್ಕೆ ಇಳಿಸಬೇಕು, ಬಿಸಿ ಎಷ್ಟಿರಬೇಕು? ಆ ಹದ ಓದಿ ಬರುವುದಲ್ಲ, ರಾಶಿ ರಾಶಿ ಬ್ಲೇಡ್ ಕೆಡಿಸಿದ ಮೇಲೆ ಕೈಗೆ ಹತ್ತುವುದು. ಯಾರೂ ಮಾರದ ಗುಟ್ಟು ಇದು.

ಈಗ ಕಾವೇರಿ. 1989ರಲ್ಲಿ 382.81 ಕೋಟಿ ರೂಪಾಯಿಗೆ ಮಂಜೂರಾಯಿತು. ಕೆಲಸ ವಹಿಸಿದ್ದು ಡಿಆರ್‌ಡಿಒದ ಎಂಜಿನ್ ಪ್ರಯೋಗಾಲಯವಾದ ಬೆಂಗಳೂರಿನ ಜಿಟಿಆರ್‌ಇಗೆ. 2004ರಲ್ಲಿ ರಷ್ಯಾದಲ್ಲಿ ನಡೆದ ಎತ್ತರದ ಪರೀಕ್ಷೆಯಲ್ಲಿ ಸೋತಿತು. 2008ರಲ್ಲಿ ಅದನ್ನು ತೇಜಸ್ ಯೋಜನೆಯಿಂದ ಬಿಡಿಸಿದರು. 2010ರಲ್ಲಿ ರಷ್ಯಾದ ಐಎಲ್-76 ವಿಮಾನಕ್ಕೆ ಕಟ್ಟಿ ಹಾರಿಸಿದರು, ಹಾರಿತು. ಆದರೆ ಬೇಕಾಗಿದ್ದ ನೂಕುಬಲ 81 ಕಿಲೋನ್ಯೂಟನ್, ಸಿಕ್ಕಿದ್ದು ಸುಮಾರು 70. ತೂಕ 1,100 ಕೆ.ಜಿ. ಒಳಗಿರಬೇಕಿತ್ತು, 1,235 ಆಯಿತು. ಖರ್ಚು ಕೊನೆಗೆ 2,000 ಕೋಟಿ ದಾಟಿತು; ಅಂದಾಜು ಮೀರಿದ್ದನ್ನು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಎತ್ತಿ ಹೇಳಿತು.

ಎರಡು ದಶಕಕ್ಕೆ 2,000 ಕೋಟಿ ಅಂದರೆ ಜಾಸ್ತಿ ಅನಿಸುತ್ತದೆ ಅಲ್ವಾ? ನನ್ನ ಪ್ರಕಾರ ತೀರಾ ಕಡಿಮೆ. ಎತ್ತರದಲ್ಲಿ ಎಂಜಿನ್ ಪರೀಕ್ಷಿಸುವ ಸೌಲಭ್ಯವೇ ಇಲ್ಲಿರಲಿಲ್ಲ. ಎಡವಿದಾಗಲೆಲ್ಲ ತಿದ್ದಿ, ಮತ್ತೆ ಪೆಟ್ಟಿಗೆ ಕಟ್ಟಿ ರಷ್ಯಾಕ್ಕೆ ಕಳಿಸಬೇಕು. ಬೇಗ ಬೇಗ ಕೆಡಿಸಿ ಕಲಿಯಬೇಕಾದ ಕೆಲಸದಲ್ಲಿ ಕೆಡಿಸುವುದಕ್ಕೂ ಸರದಿ ಕಾಯಬೇಕು! ಮೇಲಾಗಿ ಹೊಸ ವಿಮಾನಕ್ಕೆ ಹೊಸ ಎಂಜಿನ್ ಗಂಟು ಹಾಕಿದ್ದೂ ತಪ್ಪೇ. ಈ ಗೋಳು ಹೊಸದಲ್ಲ. 1961ರಲ್ಲಿ ಬೆಂಗಳೂರಿನಲ್ಲಿ ಹಾರಿದ ಎಚ್‌ಎಎಲ್‌ನ ಮಾರುತ್ ಯುದ್ಧವಿಮಾನ ಕೂಡ ತಕ್ಕ ಎಂಜಿನ್ ಸಿಗದೆ, ಅಂದುಕೊಂಡ ವೇಗ ಮುಟ್ಟದೆಯೇ ಉಳಿಯಿತು.

ಹಾಗಾದರೆ ಕೊಂಡುಕೊಂಡರೇನು ತೊಂದರೆ? ಎಂಜಿನ್ ಕೊಟ್ಟವರ ಕೈಯಲ್ಲಿ ವಿಮಾನದ ಮೂಗುದಾರವೂ ಇರುತ್ತದೆ. 1970ರ ದಶಕದಲ್ಲಿ ಭಾರತ ಸ್ವೀಡನ್ನಿನ ವಿಗೆನ್ ಯುದ್ಧವಿಮಾನ ಕೊಳ್ಳಲು ನೋಡಿತ್ತು. ವಿಮಾನ ಸ್ವೀಡನ್ನಿನದು, ಎಂಜಿನ್ ಮೂಲ ಅಮೆರಿಕದ್ದು. ಅಮೆರಿಕ ಒಪ್ಪಲಿಲ್ಲ, ಮಾರಾಟ ನಿಂತಿತು. ನಮಗೆ ಬಂದದ್ದು ಜಾಗ್ವಾರ್. 1998ರ ಪೋಖ್ರಾನ್ ಸ್ಫೋಟದ ನಂತರ, ತೇಜಸ್‌ನ ಹಾರಾಟ ನಿಯಂತ್ರಣ ವ್ಯವಸ್ಥೆಯ ಕೆಲಸಕ್ಕೆಂದು ಅಮೆರಿಕದಲ್ಲಿದ್ದ ನಮ್ಮ ಎಂಜಿನಿಯರುಗಳನ್ನು ವಾಪಸ್ ಕಳಿಸಿದರು. ಆ ಕೆಲಸವನ್ನು ಇಲ್ಲೇ ಮುಗಿಸಿ, 2001ರ ಜನವರಿ 4ರಂದು ಬೆಂಗಳೂರಿನಲ್ಲಿ ತೇಜಸ್ ಹಾರಿಸಿದೆವು. ಒಳಗಿದ್ದ ಎಂಜಿನ್ ಮಾತ್ರ ಅಮೆರಿಕದ ಜಿಇ ಕಂಪನಿಯದ್ದೇ. ಸಾಫ್ಟ್‌ವೇರ್ ಹಟ ಹಿಡಿದು ಕೂತು ಬರೆಯಬಹುದು, ಬ್ಲೇಡಿನ ಹದ ಹಾಗೆ ಬರುವುದಿಲ್ಲ.

ಚೀನಾಕ್ಕೂ ಇದು ಸುಲಭವಾಗಲಿಲ್ಲ. ಅದರ ಡಬ್ಲ್ಯುಎಸ್-10 ಎಂಜಿನ್ ಕೆಲಸ 1980ರ ದಶಕದಲ್ಲೇ ಶುರುವಾಗಿತ್ತು. ಆದರೂ 2011ರಲ್ಲಿ ಹಾರಿದ ಜೆ-20 ಯುದ್ಧವಿಮಾನದ ಮೊದಲ ತಂಡಗಳು ನಂಬಿದ್ದು ರಷ್ಯಾದ ಎಂಜಿನ್ನನ್ನೇ. ಹಣ ಸುರಿಯುವುದನ್ನು ಮಾತ್ರ ಅವರು ನಿಲ್ಲಿಸಲಿಲ್ಲ. ಈಗ ಸ್ವಂತ ಎಂಜಿನ್ ಹಾಕಿಕೊಂಡಿದ್ದಾರೆ.

ನಮ್ಮ ಕಡೆ, 2021ರಲ್ಲಿ ತೇಜಸ್‌ಗಾಗಿ ಜಿಇಗೆ 99 ಎಂಜಿನ್ ಹೇಳಿದ್ದೆವು. ಮೊದಲನೆಯದು ಬಂದದ್ದು 2025ರ ಮಾರ್ಚ್‌ನಲ್ಲಿ. ವಿಮಾನದ ಮೈ ಸಿದ್ಧವಾಗಿ ಎಚ್‌ಎಎಲ್‌ನಲ್ಲಿ ಕಾಯುತ್ತಿತ್ತು. ಜಿಇಯ ಇನ್ನೂ ಬಲಶಾಲಿ ಎಫ್-414 ಎಂಜಿನ್ ಇಲ್ಲೇ ತಯಾರಿಸುವ ಬಗ್ಗೆ 2023ರಲ್ಲಿ ಪ್ರಾಥಮಿಕ ಒಡಂಬಡಿಕೆಗೆ (ಎಂಒಯು) ಸಹಿ ಬಿತ್ತು. ಮುಂದಿನ ತಲೆಮಾರಿನ ಎಎಂಸಿಎ ವಿಮಾನಕ್ಕೆ ಫ್ರಾನ್ಸಿನ ಸಾಫ್ರಾನ್ ಜೊತೆ ಸೇರಿ ಹೊಸ ಎಂಜಿನ್ ರೂಪಿಸುವುದಾಗಿ 2025ರಲ್ಲಿ ಸರ್ಕಾರ ಹೇಳಿತು. ಎರಡನೆಯದರ ಮೇಲೆ ನನಗೆ ಆಸೆ ಜಾಸ್ತಿ. ಬೇರೆಯವರ ಎಂಜಿನ್ ಇಲ್ಲಿ ಜೋಡಿಸುವುದೇ ಬೇರೆ, ಒಟ್ಟಿಗೆ ಕೂತು ಕೆಡಿಸುತ್ತಾ ಕಲಿಯುವುದೇ ಬೇರೆ. ವಿಕಾಸ್ ಎಂಜಿನ್ ಕೂಡ 1970ರ ದಶಕದಲ್ಲಿ ನಮ್ಮವರು ಫ್ರಾನ್ಸಿಗೆ ಹೋಗಿ, ಅಲ್ಲಿನವರ ಜೊತೆ ದುಡಿದು ಕಲಿತದ್ದು.

ಇನ್ನು ಕಾವೇರಿ ಸತ್ತಿಲ್ಲ. ಆಫ್ಟರ್‌ಬರ್ನರ್ (ಹೆಚ್ಚುವರಿ ಇಂಧನ ಉರಿಸಿ ಒಮ್ಮೆಲೇ ನೂಕುಬಲ ಹೆಚ್ಚಿಸುವ ಭಾಗ) ತೆಗೆದ ಅದರ ಹೊಸ ರೂಪವನ್ನು ಘಾತಕ್ ಎಂಬ ಪೈಲಟ್ ಇಲ್ಲದ ವಿಮಾನಕ್ಕೆಂದು ತಯಾರು ಮಾಡುತ್ತಿದ್ದಾರೆ. ಎತ್ತರದ ಪರೀಕ್ಷೆ ನಡೆದದ್ದು ಮಾತ್ರ ಮತ್ತೆ ರಷ್ಯಾದಲ್ಲೇ.